ಭೋಜ ಶೆಟ್ಟರ ತಪ್ಪುಗಳು

ಕೆರಾಡಿಯ ಭೋಜ ಶೆಟ್ಟರು 1997ರಲ್ಲಿ ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನ ಹತ್ತಿರ ಬಟ್ಟೆ ಅಂಗಡಿಯೊಂದರ ಮಾಳಿಗೆ ಹಿಡಿದು ಕಂಪ್ಯೂಟರ್ ಕ್ಲಾಸು ತೆರೆದದ್ದು ಅವರ ಅಣ್ಣಂದಿರಿಗೆ ಸುತರಾಂ ಹಿಡಿಸಿರಲಿಲ್ಲ. ಒಬ್ಬ ಅಣ್ಣನ ಹೋಟೆಲು ಮುಂಬೈಯಲ್ಲಿ, ಇನ್ನೊಬ್ಬನದು ಪುಣೆಯಲ್ಲಿ. ತಮ್ಮ ಬಂದು ಗಲ್ಲಾದ ಹಿಂದೆ ಕೂತರೆ ಸಾಕಿತ್ತು. ಆದರೆ ಫಿಸಿಕ್ಸ್ ಓದಿ, ಹತ್ತು ಹದಿನೈದು ವರ್ಷ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿದ ಮನುಷ್ಯ, ನಲವತ್ತೆರಡನೆಯ ವಯಸ್ಸಿನಲ್ಲಿ ಕೆಲಸ ಬಿಟ್ಟು, ನಾಲ್ಕು ಹಳೆಯ ಯಂತ್ರಗಳನ್ನು ಸಾಲಾಗಿ ಜೋಡಿಸಿ, ಒಂದೊಂದಕ್ಕೂ ಹೆಂಡತಿ ಪ್ರಭಾವತಿ ಹೊಲಿದುಕೊಟ್ಟ ಬಟ್ಟೆಯ ಮುಸುಕು ಹಾಕಿ ಕೂತರು.

ಸುಗುಣ ಅಲ್ಲಿಗೆ ಬಂದದ್ದು 2001ರಲ್ಲಿ, ಬಿ.ಎಸ್ಸಿ. ಮುಗಿಸಿದ ಬೇಸಿಗೆಯಲ್ಲಿ. ಗಂಗೊಳ್ಳಿಯವಳು. ತಾಯಿ ಜಲಜ ಕುಂದಾಪುರದ ಪೇಟೆಯಲ್ಲಿ ಮೀನು ಮಾರುತ್ತಿದ್ದಳು; ತಂದೆ ಟ್ರಾಲ್ ಬೋಟಿನಲ್ಲಿ. ಟೈಪಿಂಗ್ ಕಲಿಯಲು ಬಂದ ಹುಡುಗಿ ಪ್ರೋಗ್ರಾಮಿಂಗ್ ಕಲಿತಳು. ಕಲಿತವಳು ಬೇರೆಯವರಿಗೆ ಕಲಿಸಿದಳು. ಮದುವೆಯಾಗಿ ಬೈಂದೂರಿಗೆ ಹೋದ ಮೇಲೂ ದಿನಾ ಬಸ್ಸಿನಲ್ಲಿ ಬಂದು ಹೋದಳು. ಕ್ಲಾಸು ಸಣ್ಣದಾಗುತ್ತ ಹೋಗಿ, ಊರಿನವರಿಗೆ ಬೇಕಾದ ಸಾಫ್ಟ್‌ವೇರ್ ಬರೆದುಕೊಡುವ ಕೆಲಸವೇ ದೊಡ್ಡದಾದಾಗ ಮಾಳಿಗೆಯಲ್ಲಿ ಉಳಿದವರು ಇಬ್ಬರೇ, ಭೋಜ ಶೆಟ್ಟರು ಮತ್ತು ಸುಗುಣ.

ಅವರು ಬರೆದುಕೊಟ್ಟದ್ದರಲ್ಲಿ ಮುಖ್ಯವಾದದ್ದು ಗಂಗೊಳ್ಳಿಯ ಬೋಟುಗಳದ್ದು. ಯಾವ ಬೋಟು ಯಾವಾಗ ಕಡಲಿಗೆ ಹೋಯಿತು, ಯಾವ ದಿನ ಬರಬೇಕು ಎಂಬುದನ್ನು ಬಂದರಿನ ವೈರ್‌ಲೆಸ್ ಕೋಣೆಯಲ್ಲಿ ಕೂತವನು ಬರೆಯುತ್ತಾನೆ. ಬರಬೇಕಾದ ಹೊತ್ತು ಮೀರಿದರೆ ತೆರೆಯ ಮೇಲೆ ಆ ಬೋಟಿನ ಹೆಸರು ಕೆಂಪಾಗುತ್ತದೆ. ಕೆಂಪಾದ ಕೂಡಲೇ ಬೇರೆ ಬೋಟುಗಳಿಗೆ ಕರೆ ಹೋಗುತ್ತದೆ. ಇಷ್ಟೇ ಕೆಲಸ. ಇಷ್ಟೇ ಕೆಲಸವನ್ನು ಸರಿಯಾಗಿ ತಿಳಿಯಲು ಶೆಟ್ಟರು 2003ರಲ್ಲಿ ಒಂದು ತಿಂಗಳು ಲಾಂಚಿನಲ್ಲಿ ಹೊಳೆ ದಾಟಿ ಗಂಗೊಳ್ಳಿಗೆ ಹೋಗಿ, ವೈರ್‌ಲೆಸ್ ನೋಡಿಕೊಳ್ಳುವ ಮುತ್ತನ ಪಕ್ಕ ಸ್ಟೂಲು ಹಾಕಿ ಕೂತಿದ್ದರು.

"ಹ್ವಾಯ್ ಶೆಟ್ರೆ, ನಿಮ್ಮ್ ಮಿಷನಿಗೆ ಕಡ್ಲ್ ಕಾಣತ್ತಾ?" ಎಂದು ಮುತ್ತ ಕೇಳುತ್ತಿದ್ದ.

"ಕಾಣುದಿಲ್ಲೆ. ನೀನ್ ಕಂಡದ್ದ್ ಬರ್ದ್ರೆ ಅದ್ ನೆನಪಿಡ್ತತ್ತ್, ಅಷ್ಟೇ."

"ಹಾಂಗಾರೆ ನಂಗೂ ಒಂದ್ ಕೊಡಿ. ಹೆಂಡ್ತಿ ಹೇಳಿದ್ದ್ ಒಂದೂ ನೆನಪಿರುದಿಲ್ಲೆ."

ಆ ತಿಂಗಳಲ್ಲಿ ಅವರು ಕಂಡುಕೊಂಡ ಒಂದು ಸಂಗತಿಯನ್ನು ಆಮೇಲೆ ಎಲ್ಲರಿಗೂ ಹೇಳುತ್ತಿದ್ದರು. ಮುತ್ತ ಒಂದು ಬೋಟು ಹೊರಟ ಹೊತ್ತನ್ನು 'ಸೋಮವಾರ, ಬೆಳಗಿನ ಮೂರು ಗಂಟೆ' ಎಂದು ಬರೆದಿದ್ದ. ಆ ಬೋಟು ಸೋಮವಾರ ಸಂಜೆ ಬಂದರಿನ ದಕ್ಕೆಗೇ ಕಟ್ಟಿಕೊಂಡು ನಿಂತಿದ್ದನ್ನು ಶೆಟ್ಟರು ಕಣ್ಣಾರೆ ಕಂಡಿದ್ದರು.

"ಮುತ್ತ, ಇದ್ ಮಂಗಳವಾರ ಅಲ್ದಾ?"

"ಮಂಗಳವಾರ ಹ್ಯಾಂಗ್ ಆತ್ತ್ ಶೆಟ್ರೆ? ಅದ್ ಹೋಪತಿಗೆ ಹೊತ್ತ್ ಮೂಡಿರ್ಲಿಲ್ಲೆ. ರಾತ್ರಿ ಮುಗೀದೆ ದಿನ ಬದ್ಲಾತ್ತಾ?"

ಗಡಿಯಾರಕ್ಕೆ ನಡುರಾತ್ರಿ ದಿನ ಬದಲಾಗುತ್ತದೆ; ಬಂದರಿಗೆ ಹೊತ್ತು ಮೂಡಿದ ಮೇಲೆ. ಅರ್ಧಕ್ಕರ್ಧ ಬೋಟುಗಳು ಹೊರಡುವುದು ಈ ಎರಡರ ನಡುವಿನ ಹೊತ್ತಿನಲ್ಲೇ. ಮುತ್ತನಿಗೆ ಗಡಿಯಾರದ ದಿನ ಕಲಿಸುವ ಬದಲು ಶೆಟ್ಟರು ಪ್ರೋಗ್ರಾಮಿಗೆ ಮುತ್ತನ ದಿನವನ್ನು ಕಲಿಸಿದರು. ಬಂದರಿನ ಬಾಯಲ್ಲಿ ಸೋಮವಾರ ಮೂರು ಗಂಟೆ ಎಂದರೆ ಗಡಿಯಾರದ ಮಂಗಳವಾರ ಎಂದು ಅದು ತಾನೇ ತಿಳಿದುಕೊಳ್ಳುವ ಹಾಗೆ ಬರೆದರು. "ಜನ ತಪ್ಪ್ ಹೇಳ್ತ್ರ್ ಅಂದ್ಕಂಬುಕ್ ಮೊದ್ಲ್ ನಾವ್ ಸಮಾ ಕೇಂಡಿತಾ ಕಾಣ್ಕ್" ಎಂದು ಸುಗುಣಳಿಗೆ ಹೇಳಿದರು.

ಅವರ ರೀತಿಯೇ ಹಾಗೆ. ಕಾಲೇಜಿನ ಪ್ರಯೋಗಾಲಯದಲ್ಲಿ ಕಲಿತ ಶಿಸ್ತು ಅವರ ಕೈಬಿಟ್ಟಿರಲಿಲ್ಲ. ತಪ್ಪಾದ ರೀಡಿಂಗನ್ನು ರಬ್ಬರಿನಿಂದ ಉಜ್ಜಬಾರದು. ಓದಲು ಬರುವ ಹಾಗೆ ಅದರ ಮೇಲೊಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು. ಮೊದಲೆಲ್ಲ ಪ್ರತಿ ವಾರದ ಕೆಲಸವನ್ನು ಫ್ಲಾಪಿಯಲ್ಲಿ ಹಾಕಿ, ತಾರೀಕು ಬರೆದ ಚೀಟಿ ಅಂಟಿಸಿ, ಬಿಸ್ಕತ್ತಿನ ಡಬ್ಬಿಯಲ್ಲಿ ಇಡುತ್ತಿದ್ದರು. ಐವತ್ತೈದನೆಯ ವಯಸ್ಸಿನಲ್ಲಿ, 2010ರಲ್ಲಿ, ಇದೇ ಕೆಲಸಕ್ಕೆಂದು ಗಿಟ್ ಎಂಬ ಸಾಫ್ಟ್‌ವೇರ್ ಇದೆ ಎಂದು ತಿಳಿದು ಅದನ್ನು ಇಳಿಸಿಕೊಂಡರು. ಅದರ ಕೈಪಿಡಿಯನ್ನು ಅಚ್ಚು ಹಾಕಿಸಿ, ಬದಿಗೆ ಪೆನ್ಸಿಲಿನಲ್ಲಿ ಟಿಪ್ಪಣಿ ಬರೆದು ಓದಿದರು.

ಗಿಟ್ ಮಾಡುವ ಕೆಲಸವನ್ನು ಹೀಗೆ ಹೇಳಬಹುದು. ಬರೆದ ಪ್ರೋಗ್ರಾಮಿನ ಒಂದೊಂದು ತುಂಡನ್ನೂ, ಯಾರು ಬರೆದರು, ಯಾವಾಗ ಬರೆದರು, ಏಕೆ ಬರೆದರು ಎಂಬ ಸಾಲಿನ ಜೊತೆ ಕಟ್ಟಿ ಸರಪಣಿಯ ಹಾಗೆ ಒಂದರ ಹಿಂದೊಂದು ಇಡುತ್ತದೆ. ಅಂಥ ಒಂದು ಕಟ್ಟಿಗೆ ಕಮಿಟ್ ಎಂದು ಹೆಸರು. ಮೂರನೆಯ ಕಮಿಟ್‌ನಲ್ಲಿ ಒಂದು ಅಕ್ಷರ ತಪ್ಪಿದೆ ಎಂದು ಎಂಟನೆಯದನ್ನು ಬರೆದಾದ ಮೇಲೆ ತಿಳಿಯಿತು ಎನ್ನೋಣ. ತಿದ್ದುಪಡಿಯನ್ನು ಒಂಬತ್ತನೆಯದಾಗಿ ಕೊನೆಯಲ್ಲಿ ತೂಗುಬಿಡಬೇಕಿಲ್ಲ. 'ಇದು ಮೂರನೆಯದಕ್ಕೆ ಸೇರಿದ್ದು' ಎಂದು ಅದರ ಮೇಲೆ ಗುರುತು ಹಾಕಿ ಒಂದು ಆಜ್ಞೆ ಕೊಟ್ಟರೆ, ಅದು ಹಿಂದಕ್ಕೆ ಹೋಗಿ ಮೂರನೆಯದರೊಳಗೆ ಮಡಚಿಕೊಳ್ಳುತ್ತದೆ. ಆಮೇಲೆ ನೋಡಿದವರಿಗೆ ಮೂರನೆಯದು ಮೊದಲಿನಿಂದಲೂ ಸರಿಯಾಗಿಯೇ ಇತ್ತು ಎಂದು ಕಾಣುತ್ತದೆ. ಹೆಸರು ಮೊದಲು ಬರೆದವರದ್ದೇ ಉಳಿಯುತ್ತದೆ.

ಶೆಟ್ಟರಿಗೆ ಇದು ಮೊದಲು ಒಗ್ಗಲಿಲ್ಲ. ರಬ್ಬರು ಹಿಡಿದ ಹಾಗೆ ಅನ್ನಿಸಿತು. ಎರಡು ವಾರ ಯೋಚಿಸಿ ಒಪ್ಪಿಕೊಂಡರು. ಕೈತಪ್ಪಿ ಬಿದ್ದ ಅಲ್ಪವಿರಾಮಗಳೆಲ್ಲ ಸಾಲುಗಟ್ಟಿ ನಿಂತರೆ, ನಾಳೆ ಓದುವವರಿಗೆ ಕೆಲಸ ಕಾಣುವುದಿಲ್ಲ, ಕಸ ಕಾಣುತ್ತದೆ. ಆದರೆ ಎರಡು ನಿಯಮ ಹಾಕಿದರು. ಗಂಗೊಳ್ಳಿಯ ಯಂತ್ರಕ್ಕೆ ಹೋದದ್ದನ್ನು ಆಮೇಲೆ ಯಾರೂ ಮಡಚುವ ಹಾಗಿಲ್ಲ. ಹೋಗುವ ಮೊದಲು ಮಾತ್ರ. ಇನ್ನೊಂದು, ತಪ್ಪು ಯಾರದ್ದೋ, ಮಡಚುವ ಕೈಯೂ ಅವರದ್ದೇ. ಶೆಟ್ಟರ ಕೆಲಸವನ್ನು ಸುಗುಣ ಪರೀಕ್ಷಿಸುತ್ತಾಳೆ. ತಪ್ಪು ಕಂಡರೆ ತಿದ್ದುಪಡಿ ಬರೆದು ಅವರಿಗೆ ಮೇಲ್ ಮಾಡುತ್ತಾಳೆ. ಅವರು ಓದಿ, ಒಪ್ಪಿದರೆ ತಮ್ಮ ಕೈಯಾರೆ ಒಳಗೆ ಮಡಚುತ್ತಾರೆ. ಅವಳ ತಪ್ಪಿಗೂ ಹಾಗೆಯೇ. "ತಪ್ಪ್ ಮಾಡ್ದವ್ರಿಗೆ ಒಂದ್ ಸಲ ಆದ್ರೂ ಅದ್ ಕಾಣ್ಕಲೆ" ಎಂದು ಅವರು ಹೇಳುತ್ತಿದ್ದರು.

2012ರ ಮಳೆಗಾಲ. ಬೋಟುಗಳೆಲ್ಲ ದಡಕ್ಕೆ ಬಂದು ಕೂತಿರುವ ಆ ಎರಡು ತಿಂಗಳಲ್ಲಿ ಹಳೆಯ ಪ್ರೋಗ್ರಾಮನ್ನು ಹೊಸದಾಗಿ ಬರೆಯಲು ಇಬ್ಬರೂ ಕೂತರು. ಮೊದಲ ವಾರದಲ್ಲೇ ಸುಗುಣ ಶೆಟ್ಟರಿಗೆ ಐದಾರು ತಿದ್ದುಪಡಿ ಕಳಿಸಿದಳು. ಅಕ್ಷರ ತಪ್ಪುಗಳಲ್ಲ. ಒಂದು ಕಡೆ ಬರೆದದ್ದನ್ನೇ ಇನ್ನೊಂದು ಕಡೆ ಬೇರೆ ಹೆಸರಿನಲ್ಲಿ ಮತ್ತೆ ಬರೆದಿದ್ದರು. ಅವರು ಮೇಲ್ ತೆರೆದು ಓದುವಾಗ ಅವಳು ಅವರ ಮುಖ ನೋಡಿದಳು. ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಮತ್ತೆ ಓದಿದರು. "ಹೌದಲ್ಲೆ" ಎಂದರು. ಆ ದಿನ ಊಟದ ಡಬ್ಬಿ ತೆರೆಯಲಿಲ್ಲ.

ಮರುವಾರ ಅವಳು ಅವರಿಗೆ ಕಳಿಸಲಿಲ್ಲ. ತಾನೇ ತಿದ್ದಿ, ತಾನೇ ಮಡಚಿದಳು. ಬೆಳಿಗ್ಗೆ ಅವರಿಗಿಂತ ಮೊದಲು ಬಂದು, ಮಡಚಿದ ಪ್ರತಿಯನ್ನು ಅವರ ಯಂತ್ರಕ್ಕೂ ಹಾಕಿಟ್ಟಳು. ಎರಡೂ ಯಂತ್ರಗಳನ್ನು ದಿನಾ ಹೊಂದಿಸಿಡುವುದು ಮೊದಲಿನಿಂದಲೂ ಅವಳ ಕೆಲಸವೇ ಆಗಿದ್ದರಿಂದ ಅದರಲ್ಲಿ ಹೊಸದೇನೂ ಕಾಣಿಸಲಿಲ್ಲ. ಶೆಟ್ಟರು ಬಂದು ಕೂತು, ನಿನ್ನೆ ತಾವು ಬರೆದದ್ದನ್ನು ಓದಿ, ತೃಪ್ತಿಯಿಂದ ಮುಂದಿನದನ್ನು ಬರೆಯಲು ತೊಡಗಿದರು.

ವಯಸ್ಸಾಯಿತು, ದಣಿವು, ಕಣ್ಣಿನ ದೋಷ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಮೀನಿನ ಬುಟ್ಟಿಯ ಪಕ್ಕ ಕೂತು ಬೆಳೆದ ತನ್ನನ್ನು ಮೊದಲ ದಿನವೇ 'ನೀವು' ಎಂದು ಕರೆದು, ಅದು ಬೇಡವೆಂದು ಅವಳೇ ಹೇಳಿದ ಮೇಲೆ 'ನೀನು' ಎಂದವರು ಅವರು. ಅವರ ಮುಖ ಇನ್ನೊಮ್ಮೆ ಹಾಗೆ ಸಣ್ಣದಾಗುವುದನ್ನು ನೋಡಲು ಅವಳಿಂದ ಆಗುತ್ತಿರಲಿಲ್ಲ. ಅಷ್ಟೇ ಕಾರಣ. ಆದರೆ ಮಡಚುವುದು ಅಭ್ಯಾಸವಾದ ಮೇಲೆ ಎಷ್ಟು ಮಡಚುತ್ತಿದ್ದೇನೆ ಎಂಬ ಅಂದಾಜು ತಪ್ಪುತ್ತದೆ. ಚೌತಿಯ ಹೊತ್ತಿಗೆ ಶೆಟ್ಟರ ಹೆಸರಿನಲ್ಲಿದ್ದ ಕೆಲವು ಕಮಿಟ್‌ಗಳಲ್ಲಿ ಶೆಟ್ಟರು ಬರೆದ ಸಾಲು ಅರ್ಧವೂ ಉಳಿದಿರಲಿಲ್ಲ.

ದಾರಿಯೂ ಅವರಿಗೆ ತಪ್ಪುತ್ತಿತ್ತು. ಮನೆ ತೆಕ್ಕಟ್ಟೆಯಲ್ಲಿ. ಒಂದು ಸಂಜೆ ಸ್ಕೂಟರಿನಲ್ಲಿ ಹೊರಟವರು ತೆಕ್ಕಟ್ಟೆ ದಾಟಿ ಬ್ರಹ್ಮಾವರದವರೆಗೆ ಹೋಗಿ, ಅಲ್ಲಿಂದ ಮನೆಗೆ ಫೋನ್ ಮಾಡಿದ್ದರು. ಆಗ ಹೆದ್ದಾರಿ ಅಗಲ ಮಾಡುವ ಕೆಲಸ ನಡೆದಿತ್ತು. ಗುರುತಿನ ಮರಗಳನ್ನೆಲ್ಲ ಕಡಿದು, ಅಂಗಡಿಗಳನ್ನು ಕೆಡವಿ, ಒಂದೊಂದು ವಾರಕ್ಕೆ ಒಂದೊಂದು ಕಡೆ ದಾರಿ ತಿರುಗಿಸುತ್ತಿದ್ದರು. ಹುಟ್ಟಿದಾಗಿನಿಂದ ಅಲ್ಲೇ ಇದ್ದವರೂ ತಿರುವು ತಪ್ಪಿ ಬೈದುಕೊಳ್ಳುತ್ತಿದ್ದರು. ಹಾಗಾಗಿ ಶೆಟ್ಟರು ತಪ್ಪಿದ್ದನ್ನು ಯಾರೂ ವಿಶೇಷವಾಗಿ ಎಣಿಸಲಿಲ್ಲ.

ನವೆಂಬರಿನಲ್ಲಿ ಹೊಸ ಪ್ರೋಗ್ರಾಮು ಗಂಗೊಳ್ಳಿಗೆ ಹೋಗುವ ಮೊದಲಿನ ಕೊನೆಯ ಪರೀಕ್ಷೆ ಮಾಡುವಾಗ ಸುಗುಣಳಿಗೆ ಒಂದು ವಿಚಿತ್ರ ಕಂಡಿತು. ಹಗಲಿನಲ್ಲಿ ಹೊರಟ ಬೋಟು ಬರುವುದು ತಡವಾದರೆ, ಕೆಂಪಾಗಬೇಕಾದದ್ದು ಇಡೀ ಒಂದು ದಿನ ಕಳೆದು ಕೆಂಪಾಗುತ್ತಿತ್ತು. ಹುಡುಕುತ್ತ ಹೋದಳು. ದಿನ ನಡುರಾತ್ರಿ ಬದಲಾಗುವಂತೆ ಶೆಟ್ಟರು ಬರೆದಿದ್ದರು. ಅದರಿಂದಾಗಿ ಬೆಳಗಿನ ಜಾವ ಹೊರಟ ಬೋಟುಗಳೆಲ್ಲ ಒಂದು ದಿನ ಮೊದಲೇ ಕೆಂಪಾಗಿರಬೇಕು. ಅದನ್ನು ಕಂಡು, ಕಾರಣ ತಿಳಿಯದೆ, ಎಲ್ಲ ಬೋಟುಗಳಿಗೂ ಒಂದು ದಿನ ಹೆಚ್ಚು ಅವಕಾಶ ಕೊಟ್ಟು ಸುಮ್ಮನಾಗಿಸಿದ್ದರು. ಕಡಲಿನಲ್ಲಿ ಎಂಜಿನ್ ಕೆಟ್ಟು ನಿಂತ ಬೋಟಿಗೆ ಒಂದು ದಿನ ಎಂದರೆ ಏನು ಎಂಬುದು ಟ್ರಾಲ್ ಬೋಟಿನವನ ಮಗಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಅವಳು ಮುತ್ತನಿಗೆ ಫೋನ್ ಮಾಡಿ, ಪರೀಕ್ಷೆಗೆಂದು ಒಂದೆರಡು ಬೋಟುಗಳ ಸಮಯ ಕೇಳಿದಳು. ಮುತ್ತ ಹೇಳಿ, ನಕ್ಕು, "ನಿಮ್ಮ್ ಶೆಟ್ರೂ ಮೊನ್ನೆ ಫೋನ್ ಮಾಡಿದ್ರ್ ಮರಾಯ್ತಿ" ಎಂದ. "ಮೂರ್ ಗಂಟೆಗೆ ಹೋದ ಬೋಟ್ ಯಾವ ದಿನದ್ದ್ ಅಂದ್ ಕೇಂಡ್ರ್. ಹತ್ತ್ ವರ್ಷದಿಂದ ನಂಗೇ ಪಾಠ ಮಾಡ್ದವ್ರ್. ನಾನ್ ಕುಶಾಲ್ ಅಂದ್ಕಂಡೆ. ಗೊತ್ತಿಲ್ಲದ್ದಕ್ಕೆ ನಿಮ್ಮ್ ಮಿಷನ್ ಕೇಣಿ ಅಂದೆ."

"ಅದ್ಕ್ ಎಂತ ಹೇಳ್ದ್ರ್?"

"ಫೋನ್ ಇಟ್ರ್."

ಸುಗುಣ ಆ ತಪ್ಪನ್ನೂ ತಿದ್ದಿದಳು. ಒಂದು ದಿನದ ಅವಕಾಶವನ್ನು ತೆಗೆದಳು, ಹೊತ್ತು ಮೂಡುವ ನಿಯಮವನ್ನು ಹಳೆಯ ಪ್ರೋಗ್ರಾಮಿನಿಂದ ತಂದು ಸೇರಿಸಿದಳು, ಎಲ್ಲವನ್ನೂ ಶೆಟ್ಟರ ಕಮಿಟ್‌ನೊಳಗೆ ಮಡಚಿದಳು. ಆಜ್ಞೆ ಕೊಡುವಾಗ ಬೆರಳು ಒಂದು ಕ್ಷಣ ನಿಂತಿತು. ಕೊಟ್ಟಳು.

ಡಿಸೆಂಬರಿನ ಒಂದು ಭಾನುವಾರ ಜಲಜ ಮಗಳ ಕೈಯಲ್ಲಿ ಶೆಟ್ಟರ ಮನೆಗೆಂದು ಕಾಣೆ ಮೀನು ಕೊಟ್ಟು ಕಳಿಸಿದಳು. ತೆಕ್ಕಟ್ಟೆಯ ಮನೆಯಲ್ಲಿ ಶೆಟ್ಟರು ಮಲಗಿದ್ದರು. ಪ್ರಭಾವತಿ ಹಿತ್ತಿಲ ಕಲ್ಲಿನ ಮೇಲೆ ಕೂತು ಮೀನು ಕೊಯ್ಯುತ್ತ ಮಾತಿಗೆ ತೊಡಗಿದರು.

"ಸುಗುಣ, ಇವ್ರ್ ಆಫೀಸಲ್ಲ್ ಸಮಾ ಇದ್ರಾ?"

"ಎಂತಕ್ಕೆ ಪ್ರಭಕ್ಕ?"

"ಮನೆಲಿ ಸಮಾ ಇಲ್ಲೆ ಹೆಣೆ. ನಿನ್ನೆ ನನ್ನ್ ತಂಗಿ ಬಂದಿತ್ತ್. ಅದ್ ಹೋದ್ ಮೇಲೆ, ಬಂದದ್ದ್ ಯಾರ್ ಅಂದ್ ಕೇಂಡ್ರ್. ಮಣಿಪಾಲದಲ್ಲ್ ಡಾಕ್ಟ್ರಿಗೆ ತೋರ್ಸುಕೆ ದಿನ ಮಾಡಿದ್ದೆ. ಇವ್ರೂ ಬತ್ತೆ ಅಂದಿದ್ರ್. ಇವ್ರಿಗೂ ಒಳ್ಗೊಳ್ಗೆ ಹೆದ್ರಿಕೆ ಇದ್ದಿತ್ತ್." ಅವರು ಕತ್ತಿಯನ್ನು ನೀರಿನಲ್ಲಿ ಅದ್ದಿದರು. "ಕಡಿಕ್ ಒಂದ್ ಗ್ರಾಫ್ ಹಾಳಿ ತಂದ್ ತೋರ್ಸಿದ್ರ್. ನೀನ್ ಮುಂಚೆ ತಿಂಗ್ಳಿಗ್ ಎಷ್ಟ್ ತಪ್ಪ್ ಹಿಡಿತಿದ್ದೆ, ಈಗ ಎಷ್ಟ್ ಹಿಡಿತೆ ಅಂದ್. ಗೆರೆ ಇಳ್ದ್ ಇಳ್ದ್ ನೆಲಕ್ಕ್ ಮುಟ್ಟಿತ್ತ್. ಮಂಡೆ ಹಾಳಾದವ್ರಿಗೆ ತಪ್ಪ್ ಜಾಸ್ತಿ ಆಯ್ಕಲ್ದಾ ಪ್ರಭಾ, ನಂಗೆ ಕಮ್ಮಿ ಆಯ್ತ್ ಅಂದ್ರ್. ಲೆಕ್ಕ ತೋರ್ಸಿದ್ ಮೇಲೆ ನಾನ್ ಎಂತ ಹೇಳುದ್? ಡಾಕ್ಟ್ರ್ ಹತ್ರ ಹೋಪುದ್ ಬ್ಯಾಡ ಅಂದ್ರ್, ಬಿಟ್ಟೆ."

ಸುಗುಣಳಿಗೆ ಈಗ ತಿಳಿಯಿತು. ಮೇಲ್‌ಗಳನ್ನು ಎಣಿಸಿದ್ದಾರೆ. ತನ್ನನ್ನು ತಾನೇ ಅಳೆದು ನೋಡಲು ಆ ಮನುಷ್ಯನಿಗೆ ಇದ್ದದ್ದು ಒಂದೇ ಮಾಪಕ. ಅದನ್ನು ನಾನೇ ಕೆಡಿಸಿಟ್ಟಿದ್ದೇನೆ. ಪ್ರಭಾವತಿ ಕಾಫಿ ಕುಡಿದು ಹೋಗು ಎಂದದ್ದಕ್ಕೆ ಬಸ್ಸು ತಪ್ಪುತ್ತದೆ ಎಂದು ಹೇಳಿ ಎದ್ದಳು.

ಬೈಂದೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಲೆಕ್ಕ ಹಾಕಿದಳು. ಮಡಚಿದ ಮೇಲೆ ಹಳೆಯ ತುಂಡುಗಳನ್ನು ಗಿಟ್ ಕೂಡಲೇ ಬಿಸಾಡುವುದಿಲ್ಲ. ಮಡಚಿದವರ ಯಂತ್ರದಲ್ಲಿ ಮಾತ್ರ, ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ, ಸುಮಾರು ಮೂರು ತಿಂಗಳು ಇಟ್ಟುಕೊಂಡಿರುತ್ತದೆ. ಆಮೇಲೆ ಗುಡಿಸಿ ಹಾಕುತ್ತದೆ. ಮಳೆಗಾಲದವು ಹೋಗಿಯಾಗಿದ್ದವು. ಉಳಿದವನ್ನು ಇನ್ನೂ ತೆಗೆಯಬಹುದಿತ್ತು. ಸುಮ್ಮನಿದ್ದರೆ ಅವೂ ತಾವಾಗಿಯೇ ಅಳಿಯುತ್ತವೆ. ಯಾರಿಗೂ ಎಂದೂ ತಿಳಿಯುವುದಿಲ್ಲ.

ಸೋಮವಾರ ಬೆಳಿಗ್ಗೆ ಶೆಟ್ಟರು ಬಂದು ಚಪ್ಪಲಿ ಬಿಟ್ಟು ಕೂತ ಕೂಡಲೇ ಅವಳು ತನ್ನ ಕುರ್ಚಿಯನ್ನು ಅವರ ಪಕ್ಕಕ್ಕೆ ಎಳೆದುಕೊಂಡಳು.

"ಸಾರ್, ಒಂದ್ ಕೆಲ್ಸ ಮಾಡಿದ್ದೆ. ನಿಮ್ಗೆ ಹೇಳದೆ."

ಮೂರು ತಿಂಗಳಲ್ಲಿ ಅವರು ಬರೆದದ್ದು ಮಡಚುವ ಮೊದಲು ಹೇಗಿತ್ತೋ ಹಾಗೆ, ಅದರ ಪಕ್ಕದಲ್ಲಿ ಅವಳ ತಿದ್ದುಪಡಿಗಳು ಒಂದೊಂದಾಗಿ, ತೆರೆಯ ಮೇಲೆ ಇದ್ದವು. ಶೆಟ್ಟರು ಓದಲು ತೊಡಗಿದರು. ಕೆಳಗಿನ ಬಟ್ಟೆ ಅಂಗಡಿಯಲ್ಲಿ ಬಾಗಿಲು ಎತ್ತಿದ ಸದ್ದು, ಆಮೇಲೆ ಗಿರಾಕಿಗಳ ಮಾತು. ಅವರು ಓದುತ್ತಲೇ ಇದ್ದರು. ಊಟದ ಹೊತ್ತಿಗೆ, ಮುತ್ತ ಫೋನಿನಲ್ಲಿ ಹೇಳಿದ್ದನ್ನೂ ಸುಗುಣ ಪಕ್ಕದಲ್ಲಿ ಬರೆದಿಟ್ಟಿದ್ದ, ದಿನ ಬದಲಾಗುವ ನಿಯಮದ ಕಮಿಟ್‌ಗೆ ಬಂದರು.

"ಇದ್ ನಾ ಬರ್ದದ್ದಾ?"

"ಹೌದ್ ಸಾರ್."

"ಮುತ್ತಂಗೆ ಫೋನ್ ಮಾಡಿದ್ನಾ ನಾನ್?"

"ಮಾಡಿದ್ರಿ ಅಂಬ್ರ್."

"ನಂಗೆ ನೆನಪಿಲ್ಲೆ." ತೆರೆಯಿಂದ ಕಣ್ಣು ತೆಗೆಯದೆ, "ಫೋನ್ ಮಾಡಿದ್ದ್ ನೆನಪಿಲ್ಲೆ. ಅಂವ ಹೊತ್ತ್ ಮೂಡ್ಲಿಲ್ಲೆ ಅಂದದ್ದ್ ನೆನಪಿತ್ತ್, ಆ ಸ್ಟೂಲ್ ಸಮೇತ" ಎಂದರು.

ಸುಗುಣ ಅಳುತ್ತಿದ್ದಳು. ಅವರು ಅವಳ ಕಡೆ ನೋಡಲಿಲ್ಲ. ಸಿಟ್ಟು ಬಂದಾಗ ಅವರ ದನಿ ಇನ್ನೂ ತಗ್ಗುತ್ತಿತ್ತು.

"ನಿಂಗೆ ನನ್ನ್ ಮೇಲೆ ಪ್ರೀತಿ ಇತ್ತ್, ನಂಗೊತ್ತಿತ್ತ್. ಆರೆ ಸುಗುಣ, ನಾನ್ ಜ್ವರ ನೋಡ್ವತಿಗೆ ನೀನ್ ಥರ್ಮಾಮೀಟರ್ ತಣ್ಣೀರಲ್ಲ್ ಅದ್ದಿ ಕೊಟ್ಟೆ. ನಾನ್ ಅದ್ನ್ ಕಂಡ್ ಪ್ರಭನ್ ಹತ್ರ ಜಗಳ ಮಾಡಿ, ಡಾಕ್ಟ್ರ್ ಬ್ಯಾಡ ಅಂದೆ."

"ತಪ್ಪಾಯ್ತ್ ಸಾರ್."

"ತಪ್ಪ್ ಆದದ್ದ್ ಹೌದ್. ಬೋಟಿನದ್ದೂ ಹಿಡ್ದೆ ಅಲ್ದಾ ನೀನ್? ಅದೊಂದ್ ಅನಾಹುತ ಆಯ್ಲಿಲ್ಲೆ, ದೇವ್ರ್ ದೊಡ್ಡವ." ಅವರು ಎದ್ದು, ಕನ್ನಡಕವನ್ನು ಕಿಸೆಗೆ ಹಾಕಿಕೊಂಡು, "ಇದ್ರದ್ದೆಲ್ಲ ಒಂದ್ ಪ್ರಿಂಟ್ ತೆಗಿ" ಎಂದರು.

ಆ ಕಾಗದದ ಕಟ್ಟನ್ನು ಹಿಡಿದು ಗಂಡ ಹೆಂಡತಿ ಮಣಿಪಾಲಕ್ಕೆ ಹೋದರು. ಪರೀಕ್ಷೆಗಳು ಹಲವು ವಾರ ನಡೆದವು. ಇಂಥ ನೆನಪಿನ ಕಾಯಿಲೆ ಸಾಮಾನ್ಯವಾಗಿ ಇನ್ನೂ ವಯಸ್ಸಾದವರಿಗೆ ಬರುವಂಥದ್ದು, ಇವರಿಗೆ ಬೇಗ ಬಂದಿದೆ, ಹಿಂದಕ್ಕೆ ತಿರುಗಿಸಲು ಮದ್ದಿಲ್ಲ ಎಂದು ಡಾಕ್ಟರು ಹೇಳಿದರು. ಈಗಲೇ ತಿಳಿದದ್ದರಿಂದ ಮುಂದಿನದನ್ನು ನೀವೇ ಕೂತು ಯೋಚಿಸಬಹುದು, ಅಷ್ಟು ಸಮಯ ಇದೆ ಎಂದೂ ಹೇಳಿದರು. ಆ ಕೊನೆಯ ಮಾತನ್ನು ಶೆಟ್ಟರು ಗಟ್ಟಿಯಾಗಿ ಹಿಡಿದುಕೊಂಡರು.

2013ರ ಫೆಬ್ರವರಿಯಲ್ಲಿ ಅವರು ಮಾಳಿಗೆಗೆ ಮರಳಿ ಬಂದರು. ಸ್ಕೂಟರ್ ಬಿಟ್ಟಿದ್ದರು, ಪ್ರಭಾವತಿ ಬಸ್ಸಿನಲ್ಲಿ ಕರೆತಂದು ಬಿಟ್ಟು, ಸಂಜೆ ಕರೆದುಕೊಂಡು ಹೋಗುತ್ತಿದ್ದರು. ಬೋಟಿನ ಪ್ರೋಗ್ರಾಮನ್ನು ಶೆಟ್ಟರು ತಾವಾಗಿಯೇ ಸುಗುಣಳಿಗೆ ಬಿಟ್ಟುಕೊಟ್ಟರು. ತಾವು ಸಣ್ಣ ಕೆಲಸ ಇಟ್ಟುಕೊಂಡರು. ಒಂದು ಐಸ್ ಪ್ಲಾಂಟಿನದ್ದು, ಒಂದು ಗ್ರಂಥಾಲಯದ್ದು, ತಪ್ಪಿದರೆ ಯಾರಿಗೂ ಕೇಡಾಗದಂಥವು. ಇಷ್ಟೆಲ್ಲ ಆದ ಮೇಲೆ, ಮಡಚುವುದನ್ನು ನಿಲ್ಲಿಸಿಬಿಟ್ಟರು. ಅವರ ಕಮಿಟ್ ಅವರ ಹೆಸರಿನಲ್ಲಿ, ತಪ್ಪಿನ ಸಮೇತ. ಅದರ ಕೆಳಗೆ ಸುಗುಣಳ ತಿದ್ದುಪಡಿ ಅವಳ ಹೆಸರಿನಲ್ಲಿ. ಒಮ್ಮೆ ತಮಾಷೆಗೆ, "ಇನ್ನ್ ನೂರ್ ವರ್ಷ ಕಳ್ದ್ ಯಾರಾರೂ ಓದಿರೆ, ಭೋಜ ಶೆಟ್ಟಿಗೆ ಈ ಹೆಣ್ಣ್ ಎಷ್ಟ್ ಕಾಟ ಕೊಟ್ಟಿತ್ತ್ ಅಂದ್ಕಂತ್ರ್" ಎಂದರು.

ಅದೇ ತಿಂಗಳು ಅವರು ಇನ್ನೊಂದು ಕಮಿಟ್ ಬರೆದರು. ಅದರಲ್ಲಿ ಪ್ರೋಗ್ರಾಮಿನ ಸಾಲು ಒಂದೂ ಇರಲಿಲ್ಲ, ಇದ್ದದ್ದು ಇಷ್ಟು ಮಾತು. ಒಂದು ತಿಂಗಳಲ್ಲಿ ತಾನು ಬರೆದ ಕಮಿಟ್‌ಗಳಿಗಿಂತ ಅವಕ್ಕೆ ಬೇಕಾದ ತಿದ್ದುಪಡಿಗಳು ಹೆಚ್ಚಾದರೆ, ತಾನು ಕೆಲಸ ನಿಲ್ಲಿಸತಕ್ಕದ್ದು. ಆಗ ತನಗೆ ಇದು ನೆನಪಿರದಿದ್ದರೆ ಸುಗುಣ ತೋರಿಸತಕ್ಕದ್ದು. ತಾನು ಒಪ್ಪದಿದ್ದರೂ ಇದೇ ತನ್ನ ಮಾತು. ಬರೆದು ಅವಳನ್ನು ಕರೆದು ಓದಿಸಿದರು.

"ನಾನೇ ಹೇಳ್ಕಾ ಸಾರ್?"

"ಮತ್ಯಾರ್ ಹೇಳ್ಕ್? ಪ್ರಭ ಹೇಳಿರೆ ಮನೆಲಿ ಜಗಳ ಆತ್ತ್. ಡಾಕ್ಟ್ರ್ ಹೇಳಿರೆ ಅವ್ರಿಗೆಂತ ಗೊತ್ತಿತ್ತ್ ಅಂತೆ ನಾನ್. ನೀನ್ ಹೇಳಿರೆ ಲೆಕ್ಕ ಕಾಂತೆ."

ಎರಡು ವರ್ಷ ನಡೆಯಿತು. ಒಳ್ಳೆಯ ತಿಂಗಳುಗಳೂ ಇದ್ದವು; ಗ್ರಂಥಾಲಯದ ಕೆಲಸವನ್ನು ಅವರು ಒಂದೂ ತಪ್ಪಿಲ್ಲದೆ ಮುಗಿಸಿದರು. ಆಮೇಲೆ ನಿಧಾನವಾಗಿ ಅವಳ ತಿದ್ದುಪಡಿಗಳು ಎಣಿಕೆಯಲ್ಲಿ ಅವರ ಕಮಿಟ್‌ಗಳನ್ನು ಹಿಡಿಯುತ್ತ ಬಂದವು. 2015ರ ಮಾರ್ಚಿನ ಕೊನೆಯ ವಾರ ಎರಡೂ ಸಮಸಮ ಇದ್ದವು. ಆ ಶನಿವಾರ ಶೆಟ್ಟರು ಬರೆದ ಒಂದು ಕಮಿಟ್‌ನಲ್ಲಿ ಅವಳಿಗೆ ಎರಡು ತಪ್ಪು ಕಂಡವು. ಎರಡೂ ತೀರ ಸಣ್ಣವು. ಯಾರಿಗೂ ಗೊತ್ತಾಗದ ಹಾಗೆ ಒಳಗೆ ಸೇರಿಸಿದರೆ ಇನ್ನೊಂದು ತಿಂಗಳು ಸಿಗುತ್ತಿತ್ತು. ಎದುರಿನ ಮೇಜಿನಲ್ಲಿ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬೆನ್ನು ನೇರ ಮಾಡಿ ಕೂತು, ಕೀಲಿಗಳನ್ನು ಹುಡುಕಿ ಹುಡುಕಿ ಒತ್ತುತ್ತಿದ್ದರು. ಇಲ್ಲಿಗೆ ಬರುವುದು ನಿಂತರೆ ಅವರ ದಿನ ಏನಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಅವಳು ಎರಡು ತಿದ್ದುಪಡಿಗಳನ್ನೂ ತನ್ನ ಹೆಸರಿನಲ್ಲಿ ಬೇರೆ ಬೇರೆಯಾಗಿಯೇ ಬರೆದಳು. ಮಂಗಳವಾರ ತಿಂಗಳು ಮುಗಿಯುವವರೆಗೂ ಅವರು ಹೊಸದೇನೂ ಬರೆಯಲಿಲ್ಲ. ಬುಧವಾರ ಅವಳು ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂತಳು.

"ಸಾರ್, ನೀವ್ ಒಂದ್ ಬರ್ದಿಟ್ಟಿದ್ರಿ. ತೋರ್ಸುಕ್ ಹೇಳಿದ್ರಿ."

ಅವರು ಓದಿದರು. ನೆನಪಿರಲಿಲ್ಲ, ಮುಖದಲ್ಲೇ ಕಾಣುತ್ತಿತ್ತು. ಮೊದಲ ಸಲ ಓದುವವರ ಹಾಗೆ ಓದಿ, ಕೆಳಗಿದ್ದ ತಮ್ಮ ಹೆಸರನ್ನು ನೋಡಿದರು.

"ನಂದೇ ಮಾತ್" ಎಂದರು. "ಹೀಂಗ್ ಬರೆವುದ್ ನಾನೇ."

ಆಮೇಲೆ ಮಾರ್ಚ್ ತಿಂಗಳ ಕಮಿಟ್‌ಗಳನ್ನು ತೆರೆಯಲು ಹೇಳಿದರು. ಬೆರಳನ್ನು ತೆರೆಗೆ ತಾಗಿಸಿ ತಮ್ಮವನ್ನು ಎಣಿಸಿದರು. ನಡುವೆ ತಪ್ಪಿ, ಮತ್ತೆ ಮೊದಲಿನಿಂದ ಎಣಿಸಿದರು. ಅವಳವನ್ನೂ ಎಣಿಸಿದರು. ಅವಳು ಸಂಖ್ಯೆ ಹೇಳಿಕೊಡಲಿಲ್ಲ. ಅವರು ಮುಗಿಸುವವರೆಗೆ ಕಾದಳು.

"ಮಡಚ್ಲಿಲ್ಲೆ ಅಲ್ದಾ ನೀನ್?"

"ಇಲ್ಲೆ ಸಾರ್."

"ಮಡಚುವ ಅಂದ್ ಕಂಡಿತ್ತಾ?"

"ಕಂಡಿತ್ತ್."

ಅವರು ತಲೆಯಾಡಿಸಿದರು. ಕಿಟಕಿಯಾಚೆ ಸರ್ಕಲ್ಲಿನಲ್ಲಿ ಬಸ್ಸುಗಳು ಹಾರನ್ ಹಾಕುತ್ತಿದ್ದವು. "ಲೆಕ್ಕ ಸಮಾ ಇತ್ತ್" ಎಂದು ಹೇಳಿ ಯಂತ್ರವನ್ನು ತಾವೇ ಆರಿಸಿದರು. ಅದು ಪೂರ್ತಿ ಆರುವವರೆಗೆ ಕಾದು, ಮುಸುಕು ಹಾಕಿ, ಮೂಲೆಗಳನ್ನು ಎಳೆದು ಸರಿ ಮಾಡಿದರು.

"ಪ್ರಭಂಗೆ ಫೋನ್ ಮಾಡ್. ಇವತ್ತ್ ಬೇಗ ಬಪ್ಪುಕ್ ಹೇಳ್."

ಪ್ರಭಾವತಿ ಬಂದು ಕೆಳಗೆ ಅಂಗಡಿಯ ಎದುರು ನಿಂತು ಕರೆದರು. ಸುಗುಣ ಅವರ ಊಟದ ಡಬ್ಬಿಯ ಚೀಲ ಹಿಡಿದುಕೊಂಡು ಹಿಂದಿನಿಂದ ಬಂದಳು. ಮೆಟ್ಟಿಲಿನ ತಲೆಯಲ್ಲಿ ಶೆಟ್ಟರು ಗೋಡೆ ಹಿಡಿದು ನಿಂತು, ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟರು.

"ನೀನ್ ಮುಂದ್ ಹೋಗ್ ಸುಗುಣ. ನಾನ್ ನಿನ್ನ್ ಕಾಲ್ ಕಂಡ್ಕಂಡ್ ಇಳಿತೆ."

ಅವಳು ಇಳಿಯತೊಡಗಿದಳು, ಒಂದೊಂದು ಮೆಟ್ಟಿಲಿನಲ್ಲೂ ಎರಡೂ ಕಾಲು ಊರಿ, ಅವರಿಗೆ ಕಾಣುವ ಹಾಗೆ.